ನಾಲೆಯ ಕೊನೆಯ ಹೊಲ: ಸರ್ ಎಂ. ವಿಶ್ವೇಶ್ವರಯ್ಯನವರ ಬದುಕು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರೆದುಕೊಡಿ ಎಂದು ಸಮಿತಿಯ ಹಿರಿಯರು ಕೇಳಿದಾಗ ನನಗೆ ಮೊದಲು ಕಣ್ಣಿಗೆ ಬಂದದ್ದು ನಮ್ಮ ಶಾಲೆಯ ಗೋಡೆಯ ಮೇಲಿದ್ದ ಮೈಸೂರು ಪೇಟದ ಪಟ. ನಾನು ಬಿ.ಇ. ಓದಿದವನು. ಸೆಪ್ಟೆಂಬರ್ 15 ಬಂದರೆ ಎಂಜಿನಿಯರುಗಳ ದಿನವೆಂದು ಆ ಪಟಕ್ಕೆ ಹಾರ ಹಾಕಿದವನು. ಆದರೂ ಅವರ ವಿಷಯದಲ್ಲಿ ನಮಗೆ ಗೊತ್ತಿದ್ದದ್ದು ಎರಡೇ: ಕನ್ನಂಬಾಡಿ ಕಟ್ಟೆ, ಮತ್ತು ಸರ್ಕಾರದ ಮೇಣದಬತ್ತಿ ಆರಿಸಿ ಸ್ವಂತದ್ದು ಹಚ್ಚಿದ ಕಥೆ. ಮೇಣದಬತ್ತಿಯ ಕಥೆಯನ್ನು ಇಲ್ಲಿ ಬಿಟ್ಟಿದ್ದೇನೆ, ಅದು ಎಲ್ಲರಿಗೂ ಬಾಯಿಪಾಠ. ಕಟ್ಟೆಗಿಂತ ಮೊದಲು ಅವರು ಪುಣೆಯ ಕಡೆ ಮಾಡಿದ ಒಂದು ಕೆಲಸವಿದೆ. ತೆಂಗಿನ ಸೀಮೆಯವರಾದ ನಮಗೆ ಅದು ಕಟ್ಟೆಗಿಂತಲೂ ಹತ್ತಿರದ್ದು ಎಂದು ನನಗೆ ಅನ್ನಿಸಿದೆ. ಆದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಂದಿಬೆಟ್ಟದ ಬುಡದಲ್ಲಿರುವ ಮುದ್ದೇನಹಳ್ಳಿಯಲ್ಲಿ. ಹುಟ್ಟಿದ ವರ್ಷವನ್ನು ಕೆಲವರು 1860 ಎನ್ನುತ್ತಾರೆ, ಕೆಲವರು 1861 ಎನ್ನುತ್ತಾರೆ. ಪೂರ್ವಿಕರು ಆಂಧ್ರದ ಮೋಕ್ಷಗುಂಡದಿಂದ ಬಂದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ಆಯುರ್ವೇದ ಬಲ್ಲವರು. ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ಹಣವಿರಲಿಲ್ಲ. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರ ಆಸರೆ ಸಿಕ್ಕಿತು. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಮುಂದೆ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಅದರ ಬಲದ ಮೇಲೆ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಈ ವಿದ್ಯಾರ್ಥಿವೇತನದ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಬರುತ್ತದೆ.

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ನಾಸಿಕದಲ್ಲಿ ಕೆಲಸ ಆರಂಭವಾಯಿತು. ಖಾನದೇಶದಲ್ಲಿ ಪಾಂಜರಾ ನದಿಯನ್ನು ದಾಟಿಸುವ ನೀರಿನ ಕೊಳವೆ, ಸಿಂಧೂ ನದಿಯ ದಂಡೆಯ ಸುಕ್ಕೂರು ಊರಿಗೆ ಕುಡಿಯುವ ನೀರು, ಹೀಗೆ ಒಂದಾದ ಮೇಲೊಂದು ಕೆಲಸ. ಸುಕ್ಕೂರಿನಲ್ಲಿ ನದಿಯ ನೀರು ಕೆಸರು. ಶುದ್ಧ ಮಾಡುವ ದೊಡ್ಡ ತೊಟ್ಟಿಗಳಿಗೆ ಹಣವಿರಲಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿ, ಮರಳಿನ ಮೂಲಕ ಸೋಸಿ ಬಂದ ನೀರನ್ನು ಎತ್ತಿದರು. ಇದ್ದುದರಲ್ಲೇ ದಾರಿ ಹುಡುಕುವ ಗುಣ ಅಲ್ಲೇ ಕಾಣುತ್ತದೆ.

1899ರ ಹೊತ್ತಿಗೆ ಪುಣೆ ಭಾಗದ ನೀರಾವರಿ ಅವರ ಕೈಗೆ ಬಂತು. ಮುಂಬಯಿ ಪ್ರಾಂತ್ಯಕ್ಕೆಲ್ಲ ಭೀಕರ ಬರ ಬಿದ್ದ ಕಾಲವದು. ನೀರಾ ನದಿಯ ನಾಲೆಯಲ್ಲಿ ನೀರಿತ್ತು, ಆದರೆ ಅದು ಹೋಗುತ್ತಿದ್ದದ್ದು ಎಲ್ಲಿಗೆ? ನಾಲೆಯ ಮೊದಲ ಭಾಗದಲ್ಲಿ ಜಮೀನಿದ್ದವರು ಕಬ್ಬು ಹಾಕಿ, ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯಿಸುತ್ತಿದ್ದರು. ಹೆಚ್ಚಿದ ನೀರು ಇಂಗಿ ಭೂಮಿ ಜೌಗಾಗುತ್ತಿತ್ತು, ಚೌಳು ಏಳುತ್ತಿತ್ತು, ಸೊಳ್ಳೆ ಹೆಚ್ಚಿ ಜ್ವರ ಬರುತ್ತಿತ್ತು. ಅದೇ ನಾಲೆಯ ಕೊನೆಯಲ್ಲಿದ್ದವನ ಜೋಳದ ಹೊಲ ಒಣಗುತ್ತಿತ್ತು. ಮೊದಲಿನವನಿಗೆ ನೀರು ಜಾಸ್ತಿಯಾಗಿ ನಷ್ಟ, ಕೊನೆಯವನಿಗೆ ಇಲ್ಲದೆ ನಷ್ಟ. ಸರ್ಕಾರಕ್ಕೆ ಬರುವ ನೀರುಗಂದಾಯವೂ ಕಡಿಮೆ.

ಇದಕ್ಕೆ ಅವರು ಹೂಡಿದ ವ್ಯವಸ್ಥೆಗೆ ಬ್ಲಾಕ್ ಪದ್ಧತಿ ಎಂದು ಹೆಸರು. ಒಬ್ಬೊಬ್ಬ ರೈತನ ಅರ್ಜಿ ನೋಡಿ ಒಂದೊಂದು ಬೆಳೆಗೆ ನೀರು ಬಿಡುವುದನ್ನು ನಿಲ್ಲಿಸಿ, ಹಳ್ಳಿಗಳ ಯೋಗ್ಯ ಜಮೀನನ್ನು ತುಂಡು ತುಂಡಾಗಿ ಗುರುತಿಸುವುದು. ಈ ತುಂಡುಗಳು ನಾಲೆಯ ಉದ್ದಕ್ಕೂ, ಕೊನೆಯವರೆಗೂ ಹಂಚಿಕೊಂಡಿರಬೇಕು. ಪ್ರತಿ ಬ್ಲಾಕಿಗೂ ಹಲವು ವರ್ಷಗಳ ಮಟ್ಟಿಗೆ ಖಚಿತವಾಗಿ ನೀರಿನ ಭರವಸೆ. ಬದಲಿಗೆ ಬ್ಲಾಕಿನ ಸುಮಾರು ಮೂರನೆಯ ಒಂದು ಭಾಗದಲ್ಲಿ ಮಾತ್ರ ಕಬ್ಬಿನಂಥ ನೀರುಬಾಕ ಬೆಳೆ, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ. ಮರುವರ್ಷ ಕಬ್ಬು ಇನ್ನೊಂದು ಭಾಗಕ್ಕೆ ಸರಿಯಬೇಕು. ಇದರಿಂದ ಮಣ್ಣಿಗೆ ಬಿಡುವು, ನೀರಿಗೆ ಲೆಕ್ಕ, ಕೊನೆಯ ಹೊಲಕ್ಕೂ ಪಾಲು. ನಮ್ಮ ಹಳೆಯ ಕೆರೆಗಳ ಕೆಳಗೆ ನೀರುಗಂಟಿ ಮಾಡುತ್ತಿದ್ದ ಕೆಲಸವೂ ಹೆಚ್ಚು ಕಡಿಮೆ ಇದೇ. ಕೆರೆಯಲ್ಲಿ ನೀರು ಕಡಿಮೆ ಇದ್ದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಗದ್ದೆ ನಾಟಿ ಮಾಡಬೇಕೆಂದು ಊರೇ ಕೂತು ತೀರ್ಮಾನಿಸುತ್ತಿತ್ತು. ವಿಶ್ವೇಶ್ವರಯ್ಯನವರು ಅದನ್ನು ದೊಡ್ಡ ನಾಲೆಯ ಅಳತೆಗೆ, ಕಾಗದದ ಮೇಲಿನ ಲೆಕ್ಕಕ್ಕೆ ತಂದರು ಎಂದು ಹೇಳಬಹುದು.

ಕಬ್ಬಿನ ರೈತರು ಸುಮ್ಮನಿರಲಿಲ್ಲ. ತಮ್ಮ ಹಕ್ಕು ಹೋಯಿತೆಂದು ವಿರೋಧಿಸಿದರು. ವಿಶ್ವೇಶ್ವರಯ್ಯನವರು ವಿವರಿಸಿ ಹೇಳಿ ಒಪ್ಪಿಸಬೇಕಾಯಿತು. ದೇಶದ ನೀರಾವರಿಯನ್ನು ಪರಿಶೀಲಿಸಲು 1901ರಲ್ಲಿ ನೇಮಕವಾದ ಆಯೋಗದ ಮುಂದೆಯೂ ಈ ಪದ್ಧತಿ ಬಂದು ಮೆಚ್ಚುಗೆ ಪಡೆಯಿತು. ಅದೇ ದಿನಗಳಲ್ಲಿ ಪುಣೆ ಬಳಿಯ ಖಡಕವಾಸಲಾ ಜಲಾಶಯಕ್ಕೆ, ಪ್ರವಾಹ ಬಂದಾಗ ತಾವೇ ತೆರೆದುಕೊಂಡು ಇಳಿದಾಗ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅಳವಡಿಸಿದರು. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಿದ ಉಪಾಯವದು. ಪಠ್ಯಪುಸ್ತಕಗಳು ಹೇಳುವುದು ಬಾಗಿಲುಗಳ ವಿಷಯ. ಬ್ಲಾಕ್ ಪದ್ಧತಿಯ ಹೆಸರನ್ನು ನಾನು ಕಾಲೇಜು ಬಿಟ್ಟು ಎಷ್ಟೋ ವರ್ಷಗಳ ಮೇಲೆ ಓದಿದೆ. ಯಂತ್ರ ಕಣ್ಣಿಗೆ ಕಾಣುತ್ತದೆ, ಹಂಚಿಕೆ ಕಾಣುವುದಿಲ್ಲ, ಅದಕ್ಕೇ ಇರಬೇಕು.

1908ರಲ್ಲಿ ಅವರು ಮುಂಬಯಿ ಸರ್ಕಾರದ ಕೆಲಸ ಬಿಟ್ಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಿದ್ದರು. ನಿಜಾಮರ ಸರ್ಕಾರ ಕರೆಸಿತು. ಊರಿನ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹ ತಡೆಯಬೇಕೆಂದು ಸಲಹೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ. 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು.

ಆಗ ಮೈಸೂರು ಸಂಸ್ಥಾನಕ್ಕೆ ಕಾವೇರಿ ಎರಡು ಕಾರಣಕ್ಕೆ ಬೇಕಿತ್ತು. 1902ರಿಂದ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು, ಬೇಸಿಗೆಯಲ್ಲಿ ಹೊಳೆ ಬತ್ತಿದರೆ ವಿದ್ಯುತ್ತೂ ಬತ್ತುತ್ತಿತ್ತು. ಮಂಡ್ಯದ ಕಡೆಯ ಒಣ ನೆಲ ನೀರಿಗಾಗಿ ಕಾದಿತ್ತು. ಎರಡಕ್ಕೂ ಒಂದೇ ಕಟ್ಟೆ ಎಂಬುದು ಅವರ ಯೋಜನೆ. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿ 1911ರಲ್ಲಿ ಕೆಲಸ ಶುರುವಾಯಿತು. ಮದರಾಸು ಸರ್ಕಾರ ತಕರಾರು ತೆಗೆಯಿತು. ಮೊದಲು ಸುಮಾರು 80 ಅಡಿಯ ಕಟ್ಟೆಗೆ ಮಾತ್ರ ಅನುಮತಿ ಸಿಕ್ಕಿತು. ಆದರೆ ವಿಶ್ವೇಶ್ವರಯ್ಯನವರು ತಳಪಾಯವನ್ನು 124 ಅಡಿಗೆ ತಕ್ಕಂತೆಯೇ ಹಾಕಿಸಿದರು. ಧೈರ್ಯವೆನ್ನಿ, ಹಟವೆನ್ನಿ. ಮಧ್ಯಸ್ಥಿಕೆ, ಮೇಲ್ಮನವಿಗಳೆಲ್ಲ ಮುಗಿದು 1924ರಲ್ಲಿ ಒಪ್ಪಂದವಾಗಿ, ಕಟ್ಟೆ ಪೂರ್ತಿ ಎತ್ತರಕ್ಕೆ ಏರಿ, 1930ರ ದಶಕದ ಆರಂಭದಲ್ಲಿ ಮುಗಿಯಿತು. ಇಂದಿಗೂ ಮಳೆಗಾಲದಲ್ಲಿ 124.80 ಅಡಿ ಎಂಬ ಅಂಕಿ ಕೇಳಿದರೆ ಹಳೆ ಮೈಸೂರಿನವರ ಮುಖ ಅರಳುತ್ತದೆ. ಮುಳುಗಿದ ಕನ್ನಂಬಾಡಿ ಮತ್ತು ಸುತ್ತಲಿನ ಹಳ್ಳಿಗಳವರು ಮನೆ ಮಠ ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಅವರ ಮೊಮ್ಮಕ್ಕಳಿಗೆ ಆ ಅಂಕಿ ಹೇಗೆ ಕೇಳುತ್ತದೋ.

1912ರ ನವೆಂಬರಿನಲ್ಲಿ ಅವರು ದಿವಾನರಾದರು. ಆರು ವರ್ಷಗಳಲ್ಲಿ ನಡೆದ ಕೆಲಸಗಳ ಪಟ್ಟಿ ದೊಡ್ಡದು: 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ನಮ್ಮ ಗಂಧದ ಕೊರಡು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿದಾಗ ಇಲ್ಲೇ ಗಂಧದೆಣ್ಣೆ ಕಾರ್ಖಾನೆ ತೆರೆಸಿದರು. ನಮ್ಮ ಶಾಲೆಯ ಸಂಚಿಕೆಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ಪ್ರಾಥಮಿಕ ಶಿಕ್ಷಣ. 1913ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂತು. ಅವರು ಬರುವಾಗ ಸಂಸ್ಥಾನದಲ್ಲಿ ಸುಮಾರು 4,500 ಶಾಲೆಗಳಿದ್ದವು, ಹೋಗುವಾಗ 10,000 ದಾಟಿದ್ದವು. ಸರ್ಕಾರಿ ಶಾಲೆಗಳ ಬಾಗಿಲು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ತೆರೆದಿರಬೇಕೆಂಬ ಆದೇಶ 1915ರಲ್ಲಿ ಹೊರಟದ್ದು ಅವರ ಆಡಳಿತದಲ್ಲೇ. ಅದಕ್ಕೆ ಕೆಲವು ಕಡೆ ಕಟುವಾದ ವಿರೋಧವೂ ಬಂತು.

ಇನ್ನು ಅವರು ದಿವಾನಗಿರಿ ಬಿಟ್ಟ ಸಂಗತಿ. ಅಭಿನಂದನೆಯ ಲೇಖನಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ, ನಾನು ದಾಟಲಾರೆ. ಆ ಕಾಲದ ಮೈಸೂರಿನಲ್ಲಿ ಸರ್ಕಾರಿ ಹುದ್ದೆಗಳ ಬಹುಪಾಲು ಬ್ರಾಹ್ಮಣರ ಕೈಯಲ್ಲಿತ್ತು. 1917ರಲ್ಲಿ ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮೊದಲಾದ ಸಮುದಾಯಗಳ ಮುಖಂಡರು ಪ್ರಜಾಮಿತ್ರ ಮಂಡಳಿ ಕಟ್ಟಿ, ತಮ್ಮವರಿಗೂ ಹುದ್ದೆಗಳಲ್ಲಿ ಪಾಲು ಬೇಕೆಂದು ಮಹಾರಾಜರನ್ನು ಕೇಳಿದರು. ನಾಲ್ವಡಿಯವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹುದ್ದೆಗೆ ಅರ್ಹತೆಯೊಂದೇ ಅಳತೆಯಾಗಬೇಕು, ಹಿಂದುಳಿದವರಿಗೆ ಶಿಕ್ಷಣ ಮತ್ತು ವಿದ್ಯಾರ್ಥಿವೇತನ ಕೊಟ್ಟು ಮೇಲೆತ್ತಬೇಕು, ಪಾಲು ಮಾಡಿದರೆ ಆಡಳಿತ ಕುಸಿಯುತ್ತದೆ ಎಂಬುದು ಅವರ ನಿಲುವು. ಅದೇ ವರ್ಷದ ಕೊನೆಯಲ್ಲಿ ದಿವಾನ ಪದವಿ ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗ ಹಿಂದುಳಿದ ವರ್ಗಗಳಿಗೆ ಹೋಗಬೇಕೆಂದು ಮಿಲ್ಲರ್ ಸಮಿತಿ 1919ರಲ್ಲಿ ಶಿಫಾರಸು ಮಾಡಿತು.

ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಒಪ್ಪದ ಕೆಲಸಕ್ಕೆ ಸಹಿ ಹಾಕುವುದಕ್ಕಿಂತ ಪದವಿ ಬಿಟ್ಟರು. ಆದರೆ ಇಲ್ಲಿ ಅವರ ಕಣ್ಣು ತಪ್ಪಿತು ಎಂದೇ ನನಗೆ ಅನ್ನಿಸುತ್ತದೆ. ನಾಲೆಯ ಮೊದಲಲ್ಲಿರುವವನು ಕಳ್ಳನೇನೂ ಅಲ್ಲ. ನೀರು ಮೊದಲು ಅವನ ಹೊಲದ ಮುಂದೆ ಹರಿಯುತ್ತದೆ, ಅಷ್ಟೆ. ಆ ಮಾತನ್ನು ನೀರಾ ನಾಲೆಯ ಮೇಲೆ ನಿಂತು ಅವರಷ್ಟು ಸ್ಪಷ್ಟವಾಗಿ ಕಂಡವರಿಲ್ಲ. ಹುದ್ದೆಗಳೆಂಬ ನಾಲೆಯಲ್ಲಿ ಅದೇ ನಡೆಯುತ್ತಿದ್ದದ್ದು ಕಾಣಲಿಲ್ಲ. ತಂದೆಯಿಲ್ಲದ ಹುಡುಗನಿಗೆ ಬೆಂಗಳೂರಿನಲ್ಲೊಬ್ಬ ಸೋದರಮಾವನಿದ್ದ, ಮೇಲೆ ಸರ್ಕಾರದ ವಿದ್ಯಾರ್ಥಿವೇತನ ಬಂತು. ಆ ಕಾಲದ ತುರುವೇಕೆರೆಯ ಕುರುಬರ ಹುಡುಗನಿಗೋ ಮಾದಿಗರ ಹುಡುಗನಿಗೋ ಬೆಂಗಳೂರಿನಲ್ಲಿ ಯಾವ ಮಾವನಿದ್ದ? ನಮ್ಮ ಶಾಲೆಯಿಂದ ಈ ಐವತ್ತು ವರ್ಷಗಳಲ್ಲಿ ಹೊರಟ ಶಿಕ್ಷಕರು, ಪೊಲೀಸರು, ನರ್ಸುಗಳು, ನನ್ನಂಥ ಎಂಜಿನಿಯರುಗಳು ಎಷ್ಟು ಜನ ಮೀಸಲಾತಿಯ ತೂಬಿನಿಂದ ನೀರು ಕಂಡವರೆಂದು ಈ ಸಂಚಿಕೆಯ ಹಿಂದಿನ ಪುಟಗಳ ಹಳೆಯ ವಿದ್ಯಾರ್ಥಿಗಳ ಪಟ್ಟಿ ನೋಡಿದರೇ ತಿಳಿಯುತ್ತದೆ. ವಿಚಿತ್ರವೆಂದರೆ, ಆ ತೂಬಿನವರೆಗೆ ನಡೆದು ಬರಲು ಬೇಕಾದ ಹಳ್ಳಿ ಶಾಲೆಗಳನ್ನು ತೆರೆಸಿದವರೂ ಅವರೇ.

ದಿವಾನಗಿರಿ ಬಿಟ್ಟ ಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಅವರ ಕಾಲದಲ್ಲೇ ಆರಂಭವಾದ ಈ ಯೋಜನೆಯಲ್ಲಿ 1923ರಲ್ಲಿ ಕಬ್ಬಿಣ ಹೊರಬಂತು. ಅದೇ ವರ್ಷದಿಂದ 1929ರವರೆಗೆ ಅದರ ಅಧ್ಯಕ್ಷರಾಗಿ ನಷ್ಟದ ಕಾರ್ಖಾನೆಯನ್ನು ಹಳಿಗೆ ತಂದರು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಮೈಸೂರಿನಲ್ಲಿ ಕಲ್ಲಿದ್ದಲು ಇಲ್ಲ. ಹಾಗಾಗಿ ಕುಲುಮೆಗೆ ಇದ್ದಲು ಬೇಕು, ಇದ್ದಲಿಗೆ ಮಲೆನಾಡಿನ ಮರ ಬೇಕು. ಕಾಡಿನೊಳಕ್ಕೆ ಟ್ರಾಂ ಹಳಿ ಹಾಕಿ ಸೌದೆ ಸಾಗಿಸಿದರು. ಸುಟ್ಟ ಮರದ ಹೊಗೆಯನ್ನೂ ವ್ಯರ್ಥ ಮಾಡದೆ ಭಟ್ಟಿ ಇಳಿಸಿ ರಾಸಾಯನಿಕ ತೆಗೆಯುವ ಘಟಕವಿತ್ತು, ಎಂಜಿನಿಯರನಿಗೆ ಅದು ಮೆಚ್ಚುವಂಥದ್ದೇ. ಆದರೆ ಕಾಡಿಗೆ ಆ ಲೆಕ್ಕದಲ್ಲಿ ಬೆಲೆ ಕಟ್ಟಿರಲಿಲ್ಲ. ವಿದ್ಯುತ್ ಕುಲುಮೆಗಳು ಬರುವವರೆಗೆ ಎಷ್ಟೋ ವರ್ಷ ಹೀಗೇ ನಡೆಯಿತು. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಊರು ಭದ್ರಾವತಿ. ಒಂದು ಕಡೆ ಅನ್ನ, ಇನ್ನೊಂದು ಕಡೆ ಕಾಡು, ಎರಡೂ ನಿಜ. ಇದು ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಿರಿನ ಲಾರಿಗಳ ಕೆಂಧೂಳು ತೆಂಗಿನ ಗರಿಯ ಮೇಲೆ ಕೂತದ್ದನ್ನೂ ಕಂಡಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಜೊತೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿದಾಗ ಸಾಲ ಮಾಡಿ ಲಾರಿ ಕೊಂಡವರ ಪಾಡನ್ನೂ ಕಂಡಿದ್ದಾರೆ.

ಭದ್ರಾವತಿಯ ದುಡಿಮೆಗೆ ತಮಗೆ ಬರಬೇಕಾದ ಹಣವನ್ನು ಅವರು ಇಟ್ಟುಕೊಳ್ಳಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟು, ಅದಕ್ಕೆ ತಮ್ಮ ಹೆಸರನ್ನೂ ಬೇಡವೆಂದರು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆ 1943ರಲ್ಲಿ ಹಾಗೆ ಆರಂಭವಾಯಿತು.

ಮತ್ತೆ ನೀರಿಗೆ ಬರುತ್ತೇನೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆಗೆ ಈಗ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರು. ಅಲ್ಲೂ ಬ್ಲಾಕ್ ಪದ್ಧತಿಯಂತೆ ಭತ್ತ, ಕಬ್ಬು, ಅರೆನೀರಾವರಿ ಬೆಳೆಗಳು ವರ್ಷ ವರ್ಷ ಸರದಿಯಲ್ಲಿ ಬರಬೇಕೆಂದು ಯೋಜಿಸಿದ್ದರು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಬಂತು, ಒಣಭೂಮಿ ಹಸಿರಾಯಿತು, ಜೊತೆಗೆ ಮಲೇರಿಯಾವೂ ಹೆಚ್ಚಿತು. ಕಾಲ ಕಳೆದಂತೆ ಸರದಿ ಸಡಿಲವಾಯಿತು. ಮೇಲ್ಭಾಗದಲ್ಲಿ ಭತ್ತ ಕಬ್ಬುಗಳೇ ತುಂಬಿ, ಕೆಲವು ಕಡೆ ಚೌಳು ಎದ್ದು, ಕೊನೆಯ ಭಾಗದವರು ನೀರಿಗೆ ಕಾಯುವ ಹಳೆಯ ಕಥೆ ಅವರ ಹೆಸರಿನ ನಾಲೆಯಲ್ಲೇ ಮರುಕಳಿಸಿತು. ಕಟ್ಟೆ ಉಳಿಯಿತು, ಹಂಚಿಕೆ ಉಳಿಯಲಿಲ್ಲ.

ನಮ್ಮ ಸೀಮೆಗೆ ಬರುವ ಹೇಮಾವತಿಯ ನೀರೂ ಗೊರೂರಿನಲ್ಲಿ ನಿಲ್ಲದಿದ್ದರೆ ಕನ್ನಂಬಾಡಿಗೇ ಹೋಗುತ್ತಿದ್ದ ನೀರು. ಬಾಗೂರು-ನವಿಲೆ ಸುರಂಗ ದಾಟಿ ಬರುವ ಆ ನಾಲೆಯ ವಿಷಯದಲ್ಲಿ ಯಾವ ತಾಲ್ಲೂಕಿಗೆ ಎಷ್ಟು ಎಂಬ ಜಗಳ ಪ್ರತಿ ವರ್ಷ ಕೇಳುತ್ತೇವೆ. ನಾಲೆಯ ನೀರಾದರೂ ಕಣ್ಣಿಗೆ ಕಾಣುತ್ತದೆ, ಜಗಳವಾಡಬಹುದು. ನೆಲದಡಿಯ ನೀರಿಗೆ ತೂಬೂ ಇಲ್ಲ, ನೀರುಗಂಟಿಯೂ ಇಲ್ಲ. ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿ ಸೇರಿದ್ದು ಹೀಗೆ. ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ತೋಟದ ಬೋರು ನಿಂತಾಗ ನನ್ನ ಸಾಫ್ಟ್‌ವೇರ್ ಸಂಬಳದಲ್ಲಿ ಸಾವಿರ ಅಡಿಯ ಆಸುಪಾಸಿಗೆ ಹೊಸ ಬೋರು ಕೊರೆಸಿದೆವು. ನೀರು ಬಂತು, ಊರಿಗೆಲ್ಲ ಪಾಯಸ ಹಂಚಿದೆವು. ಮುಂದಿನ ಬೇಸಿಗೆಗೆ ಪಕ್ಕದ ತೋಟದವರ ಹಳೆಯ ಬೋರು ಬತ್ತಿತು. ಅವರು ನನ್ನನ್ನು ಏನೂ ಅನ್ನಲಿಲ್ಲ. ಮಾತಾಡಿಸುತ್ತಾರೆ, ಎಳನೀರು ಕೆತ್ತಿ ಕೊಡುತ್ತಾರೆ. ಅವರ ಮರಗಳ ಸುಳಿ ಒಣಗುತ್ತಿರುವುದನ್ನು ಬೇಲಿಯ ಈಚೆಯಿಂದ ನೋಡುತ್ತೇನೆ. ನೀರಾ ನಾಲೆಯ ಮೊದಲಲ್ಲಿದ್ದ ಕಬ್ಬಿನ ರೈತ ಬೇರೆ ಯಾರೂ ಅಲ್ಲ, ನಾನೇ ಎಂದು ಅರ್ಥವಾದದ್ದು ಆಗ. ಮೂರನೆಯ ಒಂದು ಭಾಗದ ಲೆಕ್ಕವನ್ನು ಬೋರಿಗೆ ಹಾಕುವುದು ಹೇಗೆ ಎಂದು ಊರಿನ ನಾಲ್ಕು ಜನ ಕೂತು ಮಾತಾಡಲು ಶುರು ಮಾಡಿದ್ದೇವೆ. ಹನಿ ನೀರಾವರಿ, ಕೆರೆಯ ಹೂಳು, ತೋಟದೊಳಗೆ ಮಟ್ಟೆ ತುಂಬಿದ ಇಂಗುಗುಂಡಿ, ಹೊಸ ಬೋರಿಗೆ ಅಂತರ ಎಷ್ಟು ಎಂಬಲ್ಲಿಗೆ ಬಂದು ಪ್ರತಿ ಸಲವೂ ಮಾತು ನಿಂತಿದೆ. ಕೊನೆಯದರಲ್ಲಿ ಎಲ್ಲರಿಗೂ ನಷ್ಟವಿದೆ.

ವಿಶ್ವೇಶ್ವರಯ್ಯನವರು 1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕೆಂದು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಲು ಹೋದರು. 1955ರಲ್ಲಿ ಭಾರತರತ್ನ ಬಂತು. ಬದುಕಿದ್ದಾಗಲೇ, 1960ರಲ್ಲಿ, ಅವರ ಅಂಚೆಚೀಟಿ ಹೊರಬಂತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದು ಮುದ್ದೇನಹಳ್ಳಿಯಲ್ಲಿ.

ಹೋದ ವರ್ಷ ಮಕ್ಕಳನ್ನು ಕರೆದುಕೊಂಡು ಅವರ ಸಮಾಧಿ ನೋಡಿ ಬಂದೆ. ಹಿಂದೆ ನಂದಿಬೆಟ್ಟ, ಅರ್ಕಾವತಿ ಹುಟ್ಟುವ ಬೆಟ್ಟ. ಸುತ್ತ ದ್ರಾಕ್ಷಿ ತೋಟಗಳು, ನಮ್ಮಲ್ಲಿಯಂತೆಯೇ ಆಳವಾದ ಬೋರುಗಳು. ಚಿಕ್ಕಬಳ್ಳಾಪುರದ ಕಡೆಯ ಹಲವು ಕೆರೆಗಳಿಗೆ ಈಗ ಮಳೆಯ ನೀರು ಸಾಲದೆ, ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೊಳವೆಯಲ್ಲಿ ತಂದು ತುಂಬಿಸುತ್ತಿದ್ದಾರೆ.